ಹತ್ತು ವೋಲ್ಟಿನ ಡಬ್ಬಿ

ಖಲೀಲುಲ್ಲಾನ ಮಧ್ಯಾಹ್ನದ ಊಟ ಟಿಫನ್ ಕ್ಯಾರಿಯರಿನಲ್ಲಿ ಅಂಗಡಿಗೆ ಹೋಗುತ್ತಿತ್ತು. ಅಂಗಡಿಯ ಕೆಟ್ಟ ಸಾಮಾನು ಅದೇ ಕ್ಯಾರಿಯರಿನಲ್ಲಿ ಮನೆಗೆ ಬರುತ್ತಿತ್ತು. ಅನ್ನ ಹೋದ ಬಟ್ಟಲಲ್ಲಿ ಹಾರ್ನಿನ ರಿಲೇ, ಸಾರು ಹೋದ ಬಟ್ಟಲಲ್ಲಿ ಸ್ವಿಚ್ಚುಗಳು, ಪಲ್ಯದ ಬಟ್ಟಲಲ್ಲಿ ಬೆಂಕಿಪೊಟ್ಟಣದಷ್ಟೇ ಇರುವ ಚಪ್ಪಟೆ ತಗಡಿನ ಡಬ್ಬಿಗಳು. ಅವನ ಹೆಂಡತಿ ರೆಹಾನಾ ಬಚ್ಚಲ ಪಕ್ಕದ ಕಲ್ಲಿನ ಮೇಲೆ ಕೂತು, ತೊಳೆಯುವುದನ್ನು ಬಲಕ್ಕೂ ರಿಪೇರಿ ಮಾಡುವುದನ್ನು ಎಡಕ್ಕೂ ತೆಗೆದಿಡುತ್ತಿದ್ದಳು. ಎರಡೂ ಅವಳದೇ ಕೆಲಸ. ಮೊದಲನೆಯದಕ್ಕೆ ಮನೆಯಲ್ಲಿ ಹೆಸರೇ ಇರಲಿಲ್ಲ. ಎರಡನೆಯದನ್ನು ಎಲ್ಲರೂ ಅಂಗಡಿ ಕೆಲಸ ಅನ್ನುತ್ತಿದ್ದರು. ಅಂಗಡಿ ಖಲೀಲುಲ್ಲಾನದು, ಆದ್ದರಿಂದ ಕೆಲಸವೂ ಅವನದು.

ಅಂಗಡಿ ಇದ್ದದ್ದು ಚಿತ್ರದುರ್ಗದ ಹೊರಗೆ, ಹೆದ್ದಾರಿಯ ಪಕ್ಕ, ಪೆಟ್ರೋಲ್ ಬಂಕಿನ ಎದುರಿಗೆ. ಅದನ್ನು ಹುಟ್ಟುಹಾಕಿದವರು ರೆಹಾನಾಳ ಮಾವ ಉಸ್ಮಾನ್ ಸಾಬ್. ಲಾರಿ, ಜೀಪು, ಕಾರು ಯಾವುದೇ ಇರಲಿ, ತಂತಿ ಹಿಡಿದುಕೊಂಡು ಕತ್ತಲಲ್ಲೂ ದೋಷ ಹುಡುಕುತ್ತಿದ್ದ ಮನುಷ್ಯ. ಕಣ್ಣಿಗೆ ಪೊರೆ ಬಂದ ಮೇಲೆ ಸಣ್ಣ ಕೆಲಸಗಳು ಕೈಗೆ ಹತ್ತದಾದವು. ಮಗನ ಬೆರಳುಗಳೋ ದಪ್ಪ; ಬ್ಯಾಟರಿ ಎತ್ತುವುದಕ್ಕೆ, ನಟ್ಟು ಬಿಗಿಯುವುದಕ್ಕೆ ಹೇಳಿ ಮಾಡಿಸಿದಂಥವು. ಒಂದು ದಿನ ಉಸ್ಮಾನ್ ಸಾಬ್ ಮನೆಯ ಜಗಲಿಯಲ್ಲಿ ಕೂತು ಒಂದು ಡಬ್ಬಿಯ ಒಳಗಿನ ಪಟ್ಟಿಗೆ ಬೆಸುಗೆ ಹಾಕಲು ಒದ್ದಾಡುತ್ತಿದ್ದರು. ಸೊಪ್ಪು ಸೋಸುತ್ತಿದ್ದ ಸೊಸೆ ಎದ್ದು ಬಂದು, ಕೈ ಒರೆಸಿಕೊಂಡು, "ಅಬ್ಬಾ, ಇಲ್ಲಿ ಕೊಡ್ರಿ," ಅಂದಳು. ಕೊಟ್ಟರು. ಅಲ್ಲಿಂದ ಆ ಕೆಲಸ ಅವಳ ಹತ್ತಿರವೇ ಉಳಿಯಿತು.

ಅವಳಿಗದು ಹೊಸದೇನಲ್ಲ. ತವರು ಹಿರಿಯೂರು, ಅಪ್ಪನದು ರೇಡಿಯೋ ರಿಪೇರಿ. ಅಣ್ಣಂದಿರಿಗೆ ಕೆಲಸ ಕಲಿಸುವಾಗ ಅಪ್ಪ ಅವಳ ಕೈಗೆ ಬೆಸುಗೆಯ ಸೀಸ ಕೊಟ್ಟು ಹಿಡಿದುಕೋ ಅನ್ನುತ್ತಿದ್ದ. ಅಣ್ಣಂದಿರಲ್ಲಿ ಒಬ್ಬ ಬೀಡಿ ಅಂಗಡಿ ಇಟ್ಟ, ಇನ್ನೊಬ್ಬ ಬಸ್ ಕಂಡಕ್ಟರ್ ಆದ. ಸೀಸ ಹಿಡಿದುಕೊಂಡಿದ್ದವಳಿಗೆ ಕೆಲಸ ಬಂತು.

ಅಡುಗೆಮನೆಯ ಮೂಲೆಯಲ್ಲಿ, ಒರಳುಕಲ್ಲಿನ ಪಕ್ಕ, ಮಾವ ಅವಳಿಗೊಂದು ಮರದ ಹಲಗೆ ಹಾಕಿಕೊಟ್ಟರು. ಅದರ ಮೇಲೆ ಹಳೇ ಬ್ಯಾಟರಿ, ಗುಜರಿಯಿಂದ ತಂದ ಒಂದು ಪೆಟ್ರೋಲ್ ಗೇಜು, ತವರಿನಿಂದ ಬಂದ ಮೀಟರು, ಕರೆಂಟಿನ ಬೆಸುಗೆ ಕಡ್ಡಿ. ರೊಟ್ಟಿ ತಟ್ಟಿ, ಸಾರಿಗೆ ಕುದಿ ಬಂದ ಮೇಲೆ, ಮಕ್ಕಳು ಶಾಲೆಯಿಂದ ಬರುವ ಮುಂಚೆ ಸಿಗುವ ಹೊತ್ತು ಆ ಹಲಗೆಯದು. ಅಷ್ಟರೊಳಗೂ ಬೆಸುಗೆ ಕಡ್ಡಿ ಕಾದು ಸೀಸ ಕರಗುವ ಗಳಿಗೆಗೇ ಅತ್ತೆ ಜೈನಬ್ಬಿ ಕೂಗುತ್ತಿದ್ದರು. "ರೆಹಾನಾ, ಹಾಲಿನವಳು ಬಂದವ್ಳೆ!" ಪಾತ್ರೆ ಕೊಟ್ಟು ಬರುವುದರಲ್ಲಿ ಬೆಸುಗೆ ಅರ್ಧಕ್ಕೇ ಗಟ್ಟಿಯಾಗಿರುತ್ತಿತ್ತು. ಮತ್ತೆ ಮೊದಲಿನಿಂದ.

ಅವಳಿಗೆ ಅತಿ ಹೆಚ್ಚು ಬರುತ್ತಿದ್ದದ್ದು ಆ ಚಪ್ಪಟೆ ಡಬ್ಬಿಗಳೇ. ಹಳೆಯ ಕಾರುಗಳ ಡ್ಯಾಶ್‌ಬೋರ್ಡಿನ ಹಿಂದೆ ಅದೊಂದು ಇರುತ್ತದೆ. ಬ್ಯಾಟರಿ ಹನ್ನೆರಡು ವೋಲ್ಟು ಕೊಡುತ್ತದೆ, ಗಾಡಿ ಓಡುವಾಗ ಇನ್ನೂ ಹೆಚ್ಚು. ಪೆಟ್ರೋಲು ಎಷ್ಟಿದೆ, ಇಂಜಿನ್ ಎಷ್ಟು ಕಾದಿದೆ ಎಂದು ತೋರಿಸುವ ಮುಳ್ಳುಗಳಿಗೆ ಬೇಕಾದದ್ದು ಹತ್ತೇ ವೋಲ್ಟು, ಅದೂ ಏರಿಳಿತವಿಲ್ಲದ ಹತ್ತು. ಅಷ್ಟನ್ನೇ ಅಳೆದು ಬಿಡುವುದು ಈ ರೆಗ್ಯುಲೇಟರ್ ಡಬ್ಬಿಯ ಕೆಲಸ. ಒಳಗೆ ಎರಡು ಲೋಹ ಬೆಸೆದ ಪಟ್ಟಿ, ಅದಕ್ಕೆ ಸುತ್ತಿದ ಕೂದಲಿನಂಥ ತಂತಿ. ಕರೆಂಟು ಹರಿದಾಗ ಪಟ್ಟಿ ಕಾದು ಬಾಗಿ ಸಂಪರ್ಕ ಬಿಡುತ್ತದೆ, ಆರಿದಾಗ ಮತ್ತೆ ಕೂಡುತ್ತದೆ. ಹಾಲು ಉಕ್ಕುವಾಗ ಸೌದೆ ಹಿಂದಕ್ಕೆಳೆದು, ಇಳಿದಾಗ ಮುಂದಕ್ಕೆ ತಳ್ಳುವ ಹಾಗೆ. ಹಗಲೆಲ್ಲ ಒಬ್ಬರು ಒಲೆಯ ಮುಂದೆ ಕೂತೇ ಇರಬೇಕಾದ ಕೆಲಸ ಇದು ಎಂದು ರೆಹಾನಾಳಿಗೆ ಮೊದಲ ಡಬ್ಬಿ ಬಿಚ್ಚಿದಾಗಲೇ ಗೊತ್ತಾಗಿತ್ತು. ಕೂಡಿ ಬಿಟ್ಟು ಕೂಡಿ ಬಿಟ್ಟು ಪಟ್ಟಿಯ ತುದಿ ಸುಟ್ಟು ಅಂಟಿಕೊಂಡರೆ ಮುಳ್ಳುಗಳಿಗೆ ಪೂರ್ತಿ ಬ್ಯಾಟರಿ ಹರಿಯುತ್ತದೆ. ಟ್ಯಾಂಕು ಬರಿದಾಗಿದ್ದರೂ ಮುಳ್ಳು ತುಂಬಿದೆ ಅನ್ನುತ್ತದೆ.

ಎಪ್ಪತ್ತಾರನೆಯ ಇಸವಿಯಲ್ಲಿ ಅದು ಸಣ್ಣ ಸುಳ್ಳಾಗಿರಲಿಲ್ಲ. ಪೆಟ್ರೋಲ್ ಬೆಲೆ ಏರಿದ ಮೇಲೆ ಟ್ಯಾಂಕು ತುಂಬಿಸುವವರು ಯಾರೂ ಇರಲಿಲ್ಲ. ಹೋಗಿಬರಲು ಬೇಕಾದಷ್ಟೇ ಹಾಕಿಸಿಕೊಂಡು, ಮುಳ್ಳನ್ನು ನಂಬಿ ಹೊರಡುತ್ತಿದ್ದರು.

ಹಾಗೆ ನಂಬಿ ಹೊರಟವರಲ್ಲಿ ಭೀಮಸಮುದ್ರದ ಅಡಿಕೆ ವ್ಯಾಪಾರಿ ಮುರುಗಪ್ಪನವರ ತಾಯಿ ದೊಡ್ಡಕ್ಕ ಒಬ್ಬರು. ಅವರ ಮನೆಯಲ್ಲಿ ಹಸಿರು ಬಣ್ಣದ ಹಳೇ ವಿಲಾಯಿತಿ ಕಾರಿತ್ತು. ದೊಡ್ಡಕ್ಕ ಹಿರಿಯೂರಿನಲ್ಲಿದ್ದ ಬಾಣಂತಿ ಮಗಳಿಗೆ ಅಂಟಿನುಂಡೆ ಕಟ್ಟಿಕೊಂಡು ಹೊರಟರೆ, ಐಮಂಗಲ ದಾಟುತ್ತಿದ್ದಂತೆ ಗಾಡಿ ಕೆಮ್ಮಿ ನಿಂತಿತು. ಡ್ರೈವರ್ ಜುಂಜಣ್ಣ ಡ್ಯಾಶ್‌ಬೋರ್ಡ್ ತೋರಿಸಿ, "ಅಮ್ಮಾರೆ, ಮುಕ್ಕಾಲು ಟ್ಯಾಂಕ್ ಐತೆ ನೋಡ್ರಿ," ಅಂದನಂತೆ. "ಮುಳ್ಳು ಐತೆ ಅಂತೈತೆ, ಗಾಡಿ ಇಲ್ಲ ಅಂತೈತೆ. ನಾನ್ ಯಾರ್ ಮಾತ್ ಕೇಳ್ಲೋ ಜುಂಜ?" ಎಂದು ದೊಡ್ಡಕ್ಕ ಉರಿಬಿಸಿಲಲ್ಲಿ ಹುಣಸೆಮರದ ಕೆಳಗೆ ಕೂತರು. ಜುಂಜಣ್ಣ ಲಾರಿ ಹತ್ತಿ ಪೆಟ್ರೋಲ್ ತರುವವರೆಗೆ ಕೂತೇ ಇದ್ದರು. ಉಂಡೆಗಳೆಲ್ಲ ಕರಗಿ ಮುದ್ದೆಯಾಗಿದ್ದವು.

ಈ ಕಾರಿನ ಡಬ್ಬಿಯನ್ನು ರೆಹಾನಾ ಅದಾಗಲೇ ಹಲವು ಸಲ ಬಿಚ್ಚಿದ್ದಳು. ಸುಟ್ಟ ತುದಿ ಉಜ್ಜಿ, ಪಟ್ಟಿ ಹದಮಾಡಿ ಕಳಿಸಿದರೆ ಸ್ವಲ್ಪ ದಿನಕ್ಕೇ ಕ್ಯಾರಿಯರಿನಲ್ಲಿ ವಾಪಸ್ ಬರುತ್ತಿತ್ತು. ಹೊಸದು ತರೋಣವೆಂದರೆ ಆ ಮಾದರಿಯದು ಬೆಂಗಳೂರಿನಲ್ಲೂ ಸಿಗುತ್ತಿರಲಿಲ್ಲ.

"ಇದ್ನ ಇನ್ನು ಉಜ್ಜಿ ಪ್ರಯೋಜನ ಇಲ್ಲ ರೀ," ಎಂದಳು ಗಂಡನಿಗೆ. "ಒಳಗಿಂದೆಲ್ಲ ತೆಗ್ದು ಟ್ರಾನ್ಸಿಸ್ಟರ್ ಕೂರಿಸ್ತೀನಿ. ಬಾಗೋದು, ಬಿಡೋದು ಏನೂ ಇರಲ್ಲ. ಸುಡೋಕೆ ತುದೀನೇ ಇರಲ್ಲ."

ಖಲೀಲುಲ್ಲಾ ರೊಟ್ಟಿ ಮುರಿಯುತ್ತಾ, "ರೇಡಿಯೋ ಸಾಮಾನು ಕಾರಿಗೆ ಹಾಕ್ತೀಯ? ಹಾಡು ಹೇಳ್ತೈತಾ ಅದು?" ಎಂದು ನಕ್ಕ. ಆದರೆ ಬೇಡ ಅನ್ನಲಿಲ್ಲ. ದೊಡ್ಡಕ್ಕ ಇನ್ನು ಮುಳ್ಳು ಸರಿಯಾಗದೆ ಆ ಕಾರಿನಲ್ಲಿ ಹಿರಿಯೂರಿಗೆ ಹೋಗುವುದಿಲ್ಲ ಎಂದಿದ್ದರು. ಮುರುಗಪ್ಪನವರ ಮನೆಯ ಗಾಡಿಗಳೆಲ್ಲ ಅವನ ಅಂಗಡಿಗೇ ಬರುತ್ತಿದ್ದವು.

ಹಿರಿಯೂರಿನಿಂದ ಅಪ್ಪ ವೋಲ್ಟನ್ನು ಒಂದೇ ಮಟ್ಟದಲ್ಲಿ ಹಿಡಿಯುವ ಒಂದು ಝೀನರ್ ಡಯೋಡ್, ಒಂದೆರಡು ಟ್ರಾನ್ಸಿಸ್ಟರ್ ಕಳಿಸಿಕೊಟ್ಟ. ಕೆಲಸ ಶುರುಮಾಡುವ ಮುಂಚೆ ರೆಹಾನಾ ಗಂಡನಿಗೆ ಒಂದೇ ಒಂದು ಪ್ರಶ್ನೆ ಕೇಳಿದಳು. ಬ್ಯಾಟರಿಯ ಒಂದು ತುದಿಯನ್ನು ಕಾರಿನ ಮೈಗೆ ಕಟ್ಟಿರುತ್ತಾರೆ. ಕೆಲವು ಗಾಡಿಗಳಲ್ಲಿ ಮೈನಸ್, ಹಳೇ ವಿಲಾಯಿತಿ ಗಾಡಿಗಳಲ್ಲಿ ಹೆಚ್ಚಾಗಿ ಪ್ಲಸ್. ಬಾಗುವ ಪಟ್ಟಿಗೆ ಯಾವುದಾದರೂ ನಡೆಯುತ್ತಿತ್ತು. ಟ್ರಾನ್ಸಿಸ್ಟರಿಗೆ ನಡೆಯುವುದಿಲ್ಲ.

"ಜುಂಜಣ್ಣನ ಗಾಡೀಲಿ ಮೈಗೆ ಕಟ್ಟಿರೋದು ಪ್ಲಸ್ಸಾ ಮೈನಸ್ಸಾ? ನೋಡ್ಕಂಡ್ ಬರ್ರಿ."

"ಮೈನಸ್ಸು."

"ನೋಡಿದ್ರಾ?"

"ಎಲ್ಲಾ ಗಾಡೀಲೂ ಮೈನಸ್ಸೇ ಕಣೇ. ಇಷ್ಟ್ ವರ್ಷ ಅಂಗಡಿ ನಡೆಸಿರೋನಿಗೆ ಕೇಳ್ತೀಯಲ್ಲ."

ಅವಳು ಮೈನಸ್ಸಿಗೆ ಕಟ್ಟಿದಳು. ನಾಲ್ಕು ಮಧ್ಯಾಹ್ನ ಹಿಡಿಯಿತು. ಒಂದು ದಿನ ಕರೆಂಟು ಹೋಯಿತು, ಒಂದು ದಿನ ನಾದಿನಿಯ ಮನೆಯವರು ಹೇಳದೆ ಕೇಳದೆ ಊಟಕ್ಕೆ ಬಂದರು. ಕೊನೆಗೆ ಹಲಗೆಯ ಮೇಲೆ ಮೀಟರು ಹತ್ತಕ್ಕೆ ಹೋಗಿ ಅಲ್ಲಾಡದೆ ನಿಂತಾಗ ರೆಹಾನಾ ಮಕ್ಕಳನ್ನು ಕರೆದು ತೋರಿಸಿದಳು. ಮಕ್ಕಳು ಒಮ್ಮೆ ನೋಡಿ, "ಅಮ್ಮೀ, ಹಸಿವು," ಅಂದವು.

ಮರುದಿನ ಡಬ್ಬಿ ಪಲ್ಯದ ಬಟ್ಟಲ ಮೇಲೆ ಕಾಗದದಲ್ಲಿ ಕೂತು ಅಂಗಡಿಗೆ ಹೋಯಿತು. ಸಂಜೆ ವಾಪಸ್ ಬಂದಾಗ ಸುಟ್ಟ ವಾಸನೆ ಬಟ್ಟಲಿಗೆಲ್ಲ ಹತ್ತಿತ್ತು. ಖಲೀಲುಲ್ಲಾ ಡಬ್ಬಿಯನ್ನು ಡ್ಯಾಶ್‌ಬೋರ್ಡಿನ ತಗಡಿಗೆ ಒತ್ತಿ ಹಿಡಿದು, ಕೀ ತಿರುಗಿಸಿದ ಕೂಡಲೇ ಹೊಗೆ ಬಂತಂತೆ. ಅಂಗಡಿಯ ಮುಂದೆ ಬೀಡಿ ಸೇದುತ್ತಾ ನಿಂತಿದ್ದ ಡ್ರೈವರುಗಳೆಲ್ಲ ನಕ್ಕರಂತೆ. ಜುಂಜಣ್ಣ, "ಸಾಬ್ರೆ, ನಿಮ್ ಡಬ್ಬಿ ಊಟ ಮಾಡ್ಕಂಡ್ ಬಂದೈತೇನ್ರಿ? ಒಗ್ಗರಣೆ ವಾಸ್ನೆ ಬರ್ತೈತೆ," ಅಂದನಂತೆ.

ರೆಹಾನಾ ಸುಟ್ಟ ಟ್ರಾನ್ಸಿಸ್ಟರನ್ನು ತೆಗೆದು ನೋಡಿದಳು. "ಇದು ಪ್ಲಸ್ ಗಾಡಿ."

ಖಲೀಲುಲ್ಲಾ ಕೈ ತೊಳೆಯುತ್ತಿದ್ದ. "ಹೂಂ. ಆಮೇಲ್ ನೋಡ್ದೆ. ಪ್ಲಸ್ಸು."

ಅಷ್ಟೇ. ನೀರು ಬಗ್ಗಿಸಿಕೊಂಡು, ಟವೆಲು ಕೇಳಿದ. ಅವಳು ಟವೆಲು ಕೊಟ್ಟಳು. ಕೊಟ್ಟ ಮೇಲೆ ಅವಳಿಗೆ ತನ್ನ ಕೈಯ ಮೇಲೇ ಸಿಟ್ಟು ಬಂತು.

ಎರಡನೆಯ ಡಬ್ಬಿಯನ್ನು ಪ್ಲಸ್ಸಿಗೆ ತಕ್ಕ ಹಾಗೆ, ಬೇರೆ ಜಾತಿಯ ಟ್ರಾನ್ಸಿಸ್ಟರ್ ಹಾಕಿ ಕಟ್ಟಿದಳು. ಈ ಸಲ ಹಲಗೆಯ ಮೇಲೆ ದಿನವಿಡೀ ಓಡಿಸಿ ನೋಡಿದಳು. ಹತ್ತು. ಅನ್ನ ಬಸಿದು ಬಂದು ನೋಡಿದರೂ ಹತ್ತು, ಬಟ್ಟೆ ಒಣಹಾಕಿ ಬಂದು ನೋಡಿದರೂ ಹತ್ತು. ಕಳಿಸಿದಳು. ಹೊಗೆ ಬರಲಿಲ್ಲ. ಆದರೆ ಮುಳ್ಳು ಮೊದಲಿನ ಹಾಗೇ ತುದಿಗೆ ಹೋಗಿ ಕೂತಿತು. ಸಂಜೆ ಡಬ್ಬಿ ವಾಪಸ್. ಹಲಗೆಯ ಮೇಲಿಟ್ಟರೆ ಹತ್ತು. ಮತ್ತೆ ಕಳಿಸಿದಳು. ಮತ್ತೆ ತುದಿ. ಮತ್ತೆ ವಾಪಸ್.

"ಹೆಂಗೆ ಕೂರಿಸಿದ್ರಿ?" ಎಂದು ಕೇಳಿದಳು.

"ಹೆಂಗೆ ಅಂದ್ರೆ? ಮೊದಲು ಎಲ್ಲಿತ್ತೋ ಅಲ್ಲಿ. ಜುಂಜಣ್ಣನೇ ಕೂರಿಸ್ದ."

"ಡಬ್ಬಿ ಮೈ ಗಾಡಿ ಮೈಗೆ ತಾಗಿರ್ಬೇಕು. ಅಲ್ಲಿಂದಲೇ ಅದಕ್ಕೆ ಅರ್ಥ್ ಸಿಗೋದು, ಇಲ್ಲಾಂದ್ರೆ ಪೂರ್ತಿ ಬ್ಯಾಟರಿ ಹರಿದ್ಬಿಡ್ತೈತೆ. ತಾಗೈತಾ?"

"ತಗಡಿಗೆ ತಗಡು ಇಟ್ರೆ ತಾಗದೆ ಏನು?"

"ನೀವ್ ನೋಡಿದ್ರಾ?"

ಆಗ ಅವನಿಗೆ ಕೋಪ ಬಂತು. "ನೋಡು, ನೋಡು, ನೋಡು! ಗಿರಾಕಿ ಮುಂದೆ ಡ್ಯಾಶ್‌ಬೋರ್ಡ್ ಕೆಳಗೆ ಮಲಗಿ ಹುಡುಕ್ಲಾ ನಾನು? ನಿನ್ನ ಡಬ್ಬೀಲೇ ಏನೋ ತಪ್ಪೈತೆ."

"ಹಂಗಾದ್ರೆ ನಾನೇ ಬಂದು ನೋಡ್ತೀನಿ. ಅಂಗಡಿಗೆ ಕರ್ಕಂಡ್ ಹೋಗ್ರಿ."

ಖಲೀಲುಲ್ಲಾ, ಆ ಮಾತನ್ನು ಅವಳು ಆಡಿಯೇ ಇಲ್ಲವೆಂಬಂತೆ ಮಗನ ಪಾಟಿ ಎತ್ತಿಕೊಂಡು ಮಗ್ಗಿ ಕೇಳತೊಡಗಿದ. ಕೆಟ್ಟ ಮನುಷ್ಯನೇನಲ್ಲ ಅವನು. ಕೈ ಎತ್ತಿದವನಲ್ಲ, ಕುಡಿದು ಬಂದವನಲ್ಲ. ಈ ಸಣ್ಣ ಕೆಲಸಗಳನ್ನೆಲ್ಲ ಮನೆಯಲ್ಲಿ ಹೆಂಡತಿ ಮಾಡುತ್ತಾಳೆಂದು ಡ್ರೈವರುಗಳಿಗೆ ಗೊತ್ತಾಗುವುದಷ್ಟೇ ಅವನಿಗೆ ಬೇಡವಾಗಿತ್ತು. ಅಂಗಡಿಯ ಬೆಂಚಿನ ಮೇಲೆ ಕೂತು, "ಸಂಜೆ ತಂಕ ಬಿಟ್ಟೋಗ್ರಿ, ಮಾಡಿಡ್ತೀನಿ," ಎಂದು ಹೇಳುವ ಗತ್ತು ಅವನಿಗೆ ಬಹಳ ವರ್ಷಗಳಿಂದ ರೂಢಿಯಾಗಿತ್ತು.

ಮಾರನೆಯ ಬೆಳಗ್ಗೆ ಅವನು ತೀರ್ಮಾನ ಹೇಳಿದ. ಆ ಮಧ್ಯಾಹ್ನ ದೊಡ್ಡಕ್ಕ ಮೊಮ್ಮಗುವಿನ ತೊಟ್ಟಿಲಿಗೆ ಹಿರಿಯೂರಿಗೆ ಹೊರಡುವವರು, ಕಾರು ಅಂಗಡಿಗೆ ಬರುತ್ತದೆ. ಡಬ್ಬಿಯನ್ನು ಇನ್ನೊಂದೇ ಸಲ ಹಾಕಿ ನೋಡುವುದು. ಆಗಲಿಲ್ಲವೆಂದರೆ ಇನ್ನು ಮೇಲೆ ಇಂಥ ಕೆಲಸವನ್ನೆಲ್ಲ ದಾವಣಗೆರೆಗೆ ಕಳಿಸುವುದು. ಮನೆಗೆ ಏನೂ ತರುವುದಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಜೈನಬ್ಬಿ ಕೂಡಲೇ, "ಹಂಗೇ ಆ ಹಲಗೆ ಕಿತ್ತಾಕು. ಅಕ್ಕಿ ಡ್ರಮ್ಮಿಗೆ ಜಾಗ ಇಲ್ದಂಗಾಗೈತೆ," ಅಂದರು.

"ಅಮ್ಮೀ, ಆ ಹಲಗೆ ಇರ್ಲಿ," ಎಂದಳು ರೆಹಾನಾ ಅತ್ತೆಗೆ.

"ಯಾಕಿರ್ಬೇಕು? ನಾನೂ ಮಾಡಿದ್ದೆ ಬೇಟಿ. ನಿಮ್ ಮಾವನಿಗೆ ಡೈನಮೋ ಕಾಯಿಲ್ಲು ಯಾರು ಸುತ್ಕೊಡ್ತಿದ್ರು ಅನ್ಕಂಡಿದ್ದೀಯ? ಇವ್ನು ಹೊಟ್ಟೇಲಿದ್ದಾಗ್ಲೂ ಸುತ್ತಿದ್ದೀನಿ. ಯಾರ್ ಹೇಳ್ತಾರೆ ಇವತ್ತು? ಅಕ್ಕಿ ಡ್ರಮ್ಮಾದ್ರೆ ಅನ್ನ ಆದ್ರೂ ಆಗ್ತೈತೆ."

ರೆಹಾನಾಳಿಗೆ ಇದು ಹೊಸ ಸುದ್ದಿ. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಯಾರೂ ಇದನ್ನು ಹೇಳಿರಲಿಲ್ಲ. ಜಗಲಿಯಲ್ಲಿದ್ದ ಉಸ್ಮಾನ್ ಸಾಬ್ ಗಂಟಲು ಸರಿಮಾಡಿಕೊಂಡು ಓಣಿಯ ಕಡೆ ತಿರುಗಿದರು.

ಗಂಡ ಹೋದ ಮೇಲೆ ಅವಳು ಅಡುಗೆ ಮಾಡಿದಳು. ಹುರುಳಿಕಾಳು ಸಾರು, ಬದನೆಕಾಯಿ ಪಲ್ಯ. ಈರುಳ್ಳಿ ಹೆಚ್ಚುತ್ತಾ ಹಲಗೆಯನ್ನೇ ನೋಡುತ್ತಿದ್ದಳು. ಇಡೀ ಮನೆಯಲ್ಲಿ ಅವಳು ಮಾಡಿದ್ದು ಮರುದಿನಕ್ಕೂ ಉಳಿಯುತ್ತಿದ್ದ ಜಾಗ ಅದೊಂದೇ. ಉಳಿದದ್ದೆಲ್ಲ ತಿಂದು ಮುಗಿಯುತ್ತಿತ್ತು, ಇಲ್ಲವೇ ಮತ್ತೆ ಕೊಳೆಯಾಗುತ್ತಿತ್ತು. ಡಬ್ಬಿಯಲ್ಲಿ ತಪ್ಪಿಲ್ಲವೆಂದು ಅವಳಿಗೆ ಗೊತ್ತಿತ್ತು. ತಪ್ಪು ಕಾರಿನಲ್ಲಿತ್ತು, ಕಾರು ಅವಳಿಗೆ ಕಾಣುವಂತಿರಲಿಲ್ಲ. ಇನ್ನೊಬ್ಬರ ಕಣ್ಣಿನಿಂದ ನೋಡಿ, ಇನ್ನೊಬ್ಬರ ಬಾಯಿಯಿಂದ ಕೇಳಿ ರಿಪೇರಿ ಮಾಡಬೇಕಿತ್ತು. ಆ ಇನ್ನೊಬ್ಬರು ನೋಡುತ್ತಲೇ ಇರಲಿಲ್ಲ.

ಮಧ್ಯಾಹ್ನ ಉಸ್ಮಾನ್ ಸಾಬ್ ಟೋಪಿ ಹಾಕಿಕೊಂಡು ಬಂದು ಕ್ಯಾರಿಯರ್ ಎತ್ತಿಕೊಂಡರು. ದಿನವೂ ಅಂಗಡಿಗೆ ಊಟ ಒಯ್ಯುತ್ತಿದ್ದವರು ಅವರೇ. ಎತ್ತಿದ ಕೂಡಲೇ, "ಹಗುರ ಐತಲ್ಲ?" ಅಂದರು.

"ಊಟ ಅಷ್ಟೇ ಐತೆ ಅಬ್ಬಾ."

"ಡಬ್ಬಿ?"

"ನನ್ನತ್ರ ಐತೆ. ಬೇಕು ಅಂದ್ರೆ ಗಾಡಿ ಇಲ್ಲಿಗ್ ಬರ್ಬೇಕು ಅಂತ ಹೇಳ್ರಿ. ಗಾಡಿ ನೋಡ್ದೆ ನಾನು ಕೊಡಲ್ಲ."

ಜೈನಬ್ಬಿ ಒಳಗಿನಿಂದ, "ಯಾ ಅಲ್ಲಾ, ಓಣಿಗೆ ಕಾರು ಕರೆಸ್ತಾಳಂತೆ!" ಎಂದು ಹಣೆ ಬಡಿದುಕೊಂಡರು. ಉಸ್ಮಾನ್ ಸಾಬ್ ಮಂಜುಗಣ್ಣಿನಿಂದ ಸೊಸೆಯ ಕಡೆ ಒಂದು ಗಳಿಗೆ ನೋಡಿದರು. "ಹೇಳ್ತೀನಿ," ಎಂದು ಹೊರಟರು.

ರೆಹಾನಾ ಡಬ್ಬಿಯನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ರಾಗಿ ಬೀಸಲು ಕೂತಳು. ಕಾರು ಬಾರದಿದ್ದರೆ, ಗಂಡ ಒಬ್ಬನೇ ಬಂದರೆ, ಅಥವಾ ಯಾರೂ ಬಾರದೆ ದಾವಣಗೆರೆಗೆ ಹೇಳಿ ಕಳಿಸಿಬಿಟ್ಟರೆ? ಸಂಜೆಗೆ ಹಲಗೆಯ ಮೊಳೆ ಕೀಳುವವನು ಬರುತ್ತಾನೆ, ಅಷ್ಟೇ.

ಹಾರ್ನ್ ಕೇಳಿಸಿತು. ಹಸಿರು ಕಾರು ಓಣಿಯ ಎರಡೂ ಗೋಡೆಗಳಿಂದ ಗೇಣುದ್ದ ಬಿಟ್ಟುಕೊಂಡು ಹಿಂಬಾಗಿಲ ಹತ್ತಿರ ಬಂದು ನಿಂತಿತು. ಮುಂದೆ ಜುಂಜಣ್ಣ, ಪಕ್ಕದಲ್ಲಿ ಮುಖ ಬಿಗಿದುಕೊಂಡ ಖಲೀಲುಲ್ಲಾ. ಹಿಂದಿನ ಸೀಟಿನಲ್ಲಿ ದೊಡ್ಡಕ್ಕ, ತೊಡೆಯ ಮೇಲೆ ಬಟ್ಟೆ ಕಟ್ಟಿದ ಡಬ್ಬ.

"ಕೊಡು ಇಲ್ಲಿ," ಎಂದ ಖಲೀಲುಲ್ಲಾ ಇಳಿದವನೇ, ಮೆಲ್ಲಗೆ. "ತಮಾಷೆ ಸಾಕು."

"ಮೊದ್ಲು ನೋಡ್ತೀನಿ."

"ರೆಹಾನಾ, ಜನ ನೋಡ್ತಾವ್ರೆ."

ನಿಜ, ಎದುರಿನ ಮನೆಯ ಕಿಟಕಿಯಲ್ಲಿ ಇಬ್ಬರು ನಿಂತಿದ್ದರು. ರೆಹಾನಾ ತಲೆಯ ಮೇಲಿನ ಸೆರಗನ್ನು ಕಿವಿಯ ಹಿಂದೆ ಬಿಗಿದುಕೊಂಡಳು. ಕಾರಿನ ಕಿಟಕಿಯಿಂದ ದೊಡ್ಡಕ್ಕನ ದನಿ ಬಂತು. "ಯಾರು ತಾಯಿ ಇದ್ನ ಮಾಡೋರು, ನೀನಾ?"

ಖಲೀಲುಲ್ಲಾ, "ಅಲ್ರಿ ಅಮ್ಮಾರೆ, ಇವ್ಳು ಸುಮ್ನೆ ಕೈಗೂಡಿಸ್ತಾಳೆ ಅಷ್ಟೆ..." ಎನ್ನುವಷ್ಟರಲ್ಲಿ, ರೆಹಾನಾ, "ಹೌದ್ರಿ, ನಾನೇ," ಅಂದಳು.

"ಮತ್ತೆ ಇಷ್ಟ್ ದಿನ ಇವ್ರನ್ಯಾಕೆ ಕೇಳ್ತಾ ಕುಂತಿದ್ವಿ ನಾವು? ಲೇ ಜುಂಜ, ಇಳಿಯೋ. ಜಾಗ ಬಿಡು ಆ ಹುಡ್ಗಿಗೆ."

ಜುಂಜಣ್ಣ ಇಳಿದು ರೆಹಾನಾಳ ಕಡೆ ತಿರುಗಿದ. "ಅಮ್ಮಾರೆ, ಅಲ್ಲಿ ಕೆಳಗೆಲ್ಲ ಗ್ರೀಸು, ಧೂಳು. ನಿಮ್ಗೆ ಯಾಕ್ರಿ ಅದು..."

"ದಿನಾ ಬೂದಿ ಬಳಿಯೋಳಿಗೆ ಧೂಳು ತೋರಿಸ್ಬ್ಯಾಡ," ಎಂದಳು ರೆಹಾನಾ. ಸೀಟಿನ ಮೇಲೆ ಬೆನ್ನು ಕೊಟ್ಟು, ಕಾಲು ಬಾಗಿಲಿನ ಹೊರಗೆ ಬಿಟ್ಟು, ತಲೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ತೂರಿಸಿದಳು. ಕತ್ತಲೆ. ಕಣ್ಣು ಹೊಂದಿಕೊಳ್ಳುವವರೆಗೆ ಉಸಿರು ಹಿಡಿದು ನೋಡಿದಳು. ಕಪ್ಪು ತಂತಿ, ಹಸಿರು ತಂತಿ, ಗೇಜುಗಳ ಬೆನ್ನು. ಎಲ್ಲದಕ್ಕೂ ಸೈಕಲ್ ಟ್ಯೂಬು ಸುತ್ತಿತ್ತು. ಗೇಜಿನ ಕುತ್ತಿಗೆಗೆ ಟ್ಯೂಬು, ತಂತಿಯ ಕಟ್ಟಿಗೆ ಟ್ಯೂಬು. ಡಬ್ಬಿ ಕೂರಬೇಕಾದ ಜಾಗದಲ್ಲಿ ಬೋಲ್ಟಿನ ತೂತು ಖಾಲಿ. ಅದರ ಪಕ್ಕದ ಸಂದಿಯಲ್ಲಿ ಟ್ಯೂಬಿನದೇ ಒಂದು ಚೀಲ, ಬಾಯಿ ತೆರೆದುಕೊಂಡು ನೇತಾಡುತ್ತಿತ್ತು. ಡಬ್ಬಿ ತೂರಿಸಲು ಹೇಳಿಮಾಡಿಸಿದ ಹಾಗೆ.

ಅವಳು ಅದನ್ನು ಕಿತ್ತುಕೊಂಡು ಹೊರಗೆ ಬಂದಳು. "ಇದೇನಿದು?"

"ಅದಾ? ರಬ್ಬರು," ಎಂದ ಜುಂಜಣ್ಣ, ಗೊತ್ತಿಲ್ಲದವರಿಗೆ ಹೇಳುವ ಹಾಗೆ. "ಹೊಳಲ್ಕೆರೆ ರಸ್ತೇಲಿ ಹೋದ್ರೆ ಡ್ಯಾಶ್‌ಬೋರ್ಡು ತಾಳ ಹಾಕ್ತೈತ್ರಿ. ಎಲ್ಲಾ ಸಾಮಾನಿಗೂ ಟ್ಯೂಬ್ ಸುತ್ತಿದ್ದೀನಿ, ಸೌಂಡೇ ಇಲ್ಲ ಈಗ. ನಿಮ್ ಡಬ್ಬಿ ನಾಜೂಕಿನ ಸಾಮಾನು ಅಂತ ಅದಕ್ಕೆ ಬೋಲ್ಟ್ ಹಾಕ್ದೆ ಬೆಚ್ಚಗೆ ಚೀಲ ಹೊಲ್ದಿದ್ದೆ."

"ಹಳೇ ಡಬ್ಬೀನೂ ಇದ್ರಾಗೇ ಇಟ್ಟಿದ್ಯಾ?"

"ಹೂಂ ಮತ್ತೆ. ಹೋದ್ ವರ್ಷದಿಂದ."

ರೆಹಾನಾ ಗಂಡನ ಕಡೆ ತಿರುಗಿದಳು. "ನೀವು ಬಿಚ್ಚುವಾಗ ಈ ಚೀಲ ಕಾಣ್ಲಿಲ್ವಾ?"

"ಕಾಣ್ದೆ ಏನು. ಊಟದ ಬಟ್ಟಲಿಗೆ ಗ್ರೀಸ್ ಹತ್ತಿದ್ ಟ್ಯೂಬ್ ಹಾಕಿ ಕಳ್ಸೋಕಾಗ್ತೈತಾ? ಡಬ್ಬಿ ಮಾತ್ರ ತೆಗ್ದು ಒರೆಸಿ ಕಳಿಸ್ತಿದ್ದೆ." ಹೇಳುತ್ತಾ ಹೇಳುತ್ತಾ ಅವನ ದನಿ ಇಳಿಯಿತು.

ಅವಳಿಗೆ ಒಮ್ಮೆಗೇ ಅಳುವೂ ಸಿಟ್ಟೂ ಬಂದವು. ಒಂದು ವರ್ಷ ಉಜ್ಜಿದ್ದು, ಪಟ್ಟಿ ಬಾಗಿಸಿದ್ದು, ಮಕ್ಕಳನ್ನು ಗದರಿಸಿ ಮೂಲೆಗೆ ಕೂರಿಸಿ ಕದ್ದುಕೊಂಡ ಆ ಮಧ್ಯಾಹ್ನಗಳು. ಹಳೇ ಡಬ್ಬಿಯ ತುದಿ ಸುಟ್ಟಿದ್ದನ್ನು ಅವಳೇ ಕಂಡಿದ್ದಳು, ಅದು ಸುಳ್ಳಲ್ಲ. ಆದರೆ ಅವಳು ಸರಿಮಾಡಿ ಕಳಿಸಿದ್ದು ರಬ್ಬರು ಚೀಲದೊಳಗೆ ಕೂತೇ ಎಷ್ಟು ಸಲ ಕೆಟ್ಟದ್ದೆನ್ನಿಸಿಕೊಂಡಿತೋ, ಅದು ಇನ್ನು ಯಾರಿಗೂ ಗೊತ್ತಾಗುವಂತಿರಲಿಲ್ಲ.

"ಬೆಚ್ಚಗೆ!" ಎಂದಳು. "ರಬ್ಬರಿನೊಳಗೆ ಕರೆಂಟು ಹೆಂಗ್ ಹೋಗ್ಬೇಕು ಜುಂಜಣ್ಣ? ಬಾವಿಗೆ ಬಿಟ್ಟ ಕೊಡದ ಹಗ್ಗ ಕತ್ತರಿಸ್ದಂಗೆ ಮಾಡಿದ್ಯಲ್ಲ. ಚಾಕು ತರ್ತೀನಿ ಇರು."

ಈರುಳ್ಳಿ ಹೆಚ್ಚುವ ಚಾಕುವಿನಿಂದ ಬೋಲ್ಟಿನ ತೂತಿನ ಸುತ್ತ ಬಣ್ಣ ಕೆರೆದು, ಲೋಹ ಹೊಳೆಯುವ ಹಾಗೆ ಮಾಡಿದಳು. ಸೆರಗಿನ ಗಂಟು ಬಿಚ್ಚಿ ಡಬ್ಬಿ ತೆಗೆದು ಕೂರಿಸಿ, ಜುಂಜಣ್ಣನ ಹತ್ತಿರ ಬೋಲ್ಟು, ಪಾನಾ ಕೇಳಿ ಬಿಗಿದಳು. ಖಲೀಲುಲ್ಲಾ ಬಾಗಿಲ ಹತ್ತಿರ ನಿಂತು ತಂತಿ ಎತ್ತಿ ಹಿಡಿದುಕೊಂಡ, ಯಾರೂ ಹೇಳದೆಯೇ. ಅವಳು ಎದ್ದು ಡ್ರೈವರ್ ಸೀಟಿನಲ್ಲಿ ನೆಟ್ಟಗೆ ಕೂತು ಕೀ ತಿರುಗಿಸಿದಳು. ಮುಳ್ಳು ನಿಧಾನವಾಗಿ ಎದ್ದು, ಕಾಲು ಭಾಗಕ್ಕೂ ಏರದೆ ತಳದಲ್ಲೇ ನಿಂತಿತು.

"ಅಯ್ಯೋ, ಕೆಟ್ಟೋಯ್ತು!" ಎಂದ ಜುಂಜಣ್ಣ. "ನಿನ್ನೆ ಡಬ್ಬಿ ಹಾಕ್ದಾಗ ತುದೀಗೇ ಹೋಗಿತ್ರಿ."

"ಕಡ್ಡಿ ಇಳಿಸಿ ನೋಡು."

ಅವನು ಟ್ಯಾಂಕಿನ ಮುಚ್ಚಳ ತೆಗೆದು ಉದ್ದನೆ ಕಡ್ಡಿ ಇಳಿಸಿ ಎತ್ತಿದ. ತುದಿಯಷ್ಟೇ ಒದ್ದೆ. ಎಲ್ಲರೂ ಕಡ್ಡಿಯನ್ನೂ ಮುಳ್ಳನ್ನೂ ನೋಡಿದರು.

ದೊಡ್ಡಕ್ಕ ಬಿದ್ದು ಬಿದ್ದು ನಕ್ಕರು. "ಇವತ್ತೂ ನನ್ನ ಹುಣಸೆಮರದ ಕೆಳಗೆ ಕೂರಿಸ್ತಿದ್ದೆಯಲ್ಲೋ ಬೆಚ್ಚಗೆ! ಮೊದ್ಲು ಬಂಕಿಗೆ ಹೋಗಾಣ ನಡಿ." ರೆಹಾನಾಳ ಗಲ್ಲ ಮುಟ್ಟಿ, "ಕೈ ತುಂಬಾ ಗ್ರೀಸಾಗೈತೆ, ಚೆನ್ನಾಗ್ ಕಾಣ್ತೈತೆ ಬಿಡು," ಅಂದರು. ಕಾರು ಹಿಂದಕ್ಕೆ ಹಿಂದಕ್ಕೆ ಹೋಗಿ ಓಣಿ ದಾಟಿತು.

ಆ ಸಂಜೆ ಖಲೀಲುಲ್ಲಾ ತಡವಾಗಿ ಬಂದ. ಉಂಡ. ಕೈ ತೊಳೆಯದೆ ತಟ್ಟೆಯ ಮುಂದೆ ಕೂತಿದ್ದು, ಕೊನೆಗೆ, "ಜುಂಜಣ್ಣ ಊರಿಗೆಲ್ಲ ಹೇಳ್ಕಂಡ್ ಬಂದವ್ನೆ. ಹೊಸದುರ್ಗದವರು ಒಬ್ರು, ಹೊಳಲ್ಕೆರೆ ಜೀಪಿನವ್ರು ಒಬ್ರು, ಹೊಸ ಡಬ್ಬಿ ಬೇಕು ಅಂತಾವ್ರೆ," ಅಂದ. ಸಂತೋಷದಿಂದ ಹೇಳಿದನೋ ದುಃಖದಿಂದ ಹೇಳಿದನೋ ತಿಳಿಯುವಂತಿರಲಿಲ್ಲ. "ಹಲಗೆ ಇರ್ಲಿ."

"ಹಲಗೆ ಇದ್ರೆ ಸಾಲ್ದು," ಎಂದಳು ರೆಹಾನಾ. ಮಧ್ಯಾಹ್ನದಿಂದ ಅವಳು ಇದನ್ನೇ ಯೋಚಿಸಿದ್ದಳು. "ಗಾಡಿ ಇಲ್ಲಿಗೇ ಬರ್ಬೇಕು. ನಾನೇ ನೋಡಿ ನಾನೇ ಕೂರಿಸ್ತೀನಿ. ಗಾಡಿ ಬಂದ ದಿನ ಮಧ್ಯಾಹ್ನದ ಅಡಿಗೆ ನಾನ್ ಮಾಡಲ್ಲ."

ಖಲೀಲುಲ್ಲಾ ತಾಯಿಯ ಕಡೆ ನೋಡಿದ.

"ನನ್ನ ಯಾಕ್ ನೋಡ್ತೀಯ?" ಎಂದರು ಜೈನಬ್ಬಿ. "ನನ್ ಮೊಣಕಾಲಿಗೆ ಒಲೆ ಮುಂದೆ ಕೂರೋಕೆ ಆಗಲ್ಲ. ಹಸಿವಾಗೋದು ನಿಂಗೆ." ಆಮೇಲೆ, ಗಂಡನ ಕಡೆ ತಿರುಗದೆ, "ನಂಗೆ ಆವತ್ತು ಈ ಮಾತು ಹೊಳೀಲಿಲ್ಲ," ಎಂದು ಎದ್ದು ಹೋದರು.

ಖಲೀಲುಲ್ಲಾ ಒಪ್ಪಿದ. ಒಂದು ದಿನದ ಮಾತಲ್ಲವೆ ಎನ್ನುವವನ ಹಾಗೆ ಒಪ್ಪಿದ.

ಹೊಳಲ್ಕೆರೆಯ ಜೀಪು ಮುಂದಿನ ವಾರ ಬಂತು. ರೆಹಾನಾ ಬ್ಯಾಟರಿಯ ತುದಿಗಳನ್ನು ತಾನೇ ನೋಡಿದಳು. ಹೊಸ ಡಬ್ಬಿ ಹಿಡಿದು, ಚಿಕ್ಕ ತಿರುಪನ್ನು ತುಟಿಗಳ ನಡುವೆ ಕಚ್ಚಿಕೊಂಡು, ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿದಳು. ಒಂದು ಕೈಯಲ್ಲಿ ಡಬ್ಬಿ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ತೂತಿಗೆ ತೂತು ಹೊಂದಿಸುತ್ತಿದ್ದಳು. ಹೊಂದಿತು.

"ರೆಹಾನಾ," ಎಂದು ಅಡುಗೆಮನೆಯಿಂದ ದನಿ ಬಂತು. "ಅಕ್ಕಿ ಎಷ್ಟು ಹಾಕ್ಲಿ?"

ಅವಳು ತಿರುಪನ್ನು ಬಾಯಿಂದ ತೆಗೆದಳು. ತೂತು ತಪ್ಪಿತು. "ಮೂರು ಪಾವು."

ಮತ್ತೆ ಹೊಂದಿಸಿದಳು.

"ನೀರು?"

"ಬಸಿಯೋದಲ್ವಾ, ಜಾಸ್ತೀನೇ ಇಡ್ರಿ."

"ಜಾಸ್ತಿ ಅಂದ್ರೆ ಎಷ್ಟು?"

ಜೀಪಿನ ಡ್ರೈವರು ಗೋಡೆಗೆ ಒರಗಿ ನಿಂತು ಮೀಸೆಯೊಳಗೇ ನಗುತ್ತಿದ್ದ. ರೆಹಾನಾ ಉತ್ತರ ಹೇಳಿದಳು, ತಿರುಪು ಕೈಜಾರಿ ಜೀಪಿನ ಮ್ಯಾಟಿನ ಕೆಳಗೆಲ್ಲೋ ಉರುಳಿತು. ಬಗ್ಗಿ ಹುಡುಕುತ್ತಿರುವಾಗ ಖಲೀಲುಲ್ಲಾ ಸೌಟು ಹಿಡಿದು ಹಿಂಬಾಗಿಲಿಗೇ ಬಂದು ನಿಂತ. ಕಣ್ಣಲ್ಲಿ ಹೊಗೆಯ ನೀರು. ಮದುವೆಯಾದಾಗಿನಿಂದ, ಅದಕ್ಕೂ ಮುಂಚೆ ಹುಟ್ಟಿದಾಗಿನಿಂದ, ಅದೇ ಅಡುಗೆಮನೆಯ ಅನ್ನ ಉಂಡವನು ಅವನು.

"ತೊಗರಿಬೇಳೆ ಯಾವ ಡಬ್ಬೀಲೈತೆ?"

"ಮುಚ್ಚಳ ತೆಗ್ದು ನೋಡ್ರಿ!" ಎಂದಳು, ಓಣಿಗೆಲ್ಲ ಕೇಳುವ ಹಾಗೆ.

ಅವನು ಒಳಗೆ ಹೋದ. ಒಂದೊಂದೇ ಮುಚ್ಚಳ ತೆಗೆದು ಹಾಕುವ ಸದ್ದು ಕೇಳಿಸಿತು. ತಿರುಪು ಸಿಕ್ಕಿತ್ತು. ಅವಳು ಅದನ್ನು ತುಟಿಗಿಡದೆ ಬೆರಳಲ್ಲೇ ಹಿಡಿದು, ಮಲಗಿದಲ್ಲೇ ಕಾದಳು.

"ಸಿಕ್ತು," ಎಂದಿತು ಒಳಗಿನ ದನಿ. ಸ್ವಲ್ಪ ಹೊತ್ತಾದ ಮೇಲೆ, "ಇದ್ನ ತೊಳೀಬೇಕಾ?"

"ತೊಳೀಬೇಕು," ಎಂದು, ರೆಹಾನಾ ಇನ್ನೊಂದು ಪ್ರಶ್ನೆ ಬರುವುದರೊಳಗೆ ತಿರುಪು ಬಿಗಿಯತೊಡಗಿದಳು.